ಮಿಸ್ ಥ್ವೇಟ್ಸ್ ಅವರ ತಣ್ಣನೆಯ ಕೈ

ನಮ್ಮೂರಿನ ಗಾರ್ಸೈಡ್ ಚಾಕಲೇಟ್ ಕಾರ್ಖಾನೆಯ ಮೂರನೇ ಮಹಡಿಯಲ್ಲಿ, ಉತ್ತರದ ಕಿಟಕಿಯ ಪಕ್ಕ, ಅಮೃತಶಿಲೆಯ ಮೇಜಿನ ತುದಿಯಲ್ಲಿ ಮಿಸ್ ಅವಿಸ್ ಥ್ವೇಟ್ಸ್ ಮೂವತ್ತೊಂದು ವರ್ಷ ಕೂತರು. ಮದುವೆಯಾದ ಹೆಂಗಸರನ್ನು ಕಾರ್ಖಾನೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಮಿಸ್ ಥ್ವೇಟ್ಸ್ ಅವರನ್ನು ಮದುವೆಗೆ ಕೇಳಿಕೊಂಡು ಇಬ್ಬರು ಬಂದಿದ್ದರಂತೆ. ಇವರು ಮೇಜನ್ನೇ ಆರಿಸಿಕೊಂಡರು.

ನಾನು ಹದಿನಾಲ್ಕನೇ ವಯಸ್ಸಿಗೆ ಅವರ ಕೈಕೆಳಗೆ ಸೇರಿದೆ. ತಿರುಳನ್ನು ಬೆರಳಿನಿಂದಲೇ ಕರಗಿದ ಚಾಕಲೇಟಿನಲ್ಲಿ ಅದ್ದಿ, ಹೊರಳಿಸಿ, ತಟ್ಟೆಗಿಟ್ಟು, ಗಟ್ಟಿಯಾಗುವ ಮೊದಲು ನೆತ್ತಿಯ ಮೇಲೆ ಕಡ್ಡಿಯಿಂದ ಗುರುತು ಎಳೆಯಬೇಕು. ಶುಂಠಿಗೆ ಎರಡು ಗೆರೆ, ಬಾದಾಮಿಗೆ ಕೊಕ್ಕೆ, ಗುಲಾಬಿಗೆ ಒಂದೂವರೆ ಸುತ್ತಿನ ಸುಳಿ. ಪೆಟ್ಟಿಗೆ ತೆರೆದವರಿಗೆ ಕಚ್ಚದೆಯೇ ಒಳಗೇನಿದೆ ಎಂದು ತಿಳಿಯಬೇಕು. ಮೊದಲ ದಿನ ನಾನು ಎರಡು ಸುತ್ತು ಎಳೆದೆ.

“ಈ ಅರ್ಧ ಸುತ್ತು ಯಾರ ಮನೇದೇ, ಎಟ್ಟಿ?” ಎಂದರು.

“ಚೆಂದ ಕಾಣ್ಲಿ ಅಂತ, ಮಿಸ್ ಥ್ವೇಟ್ಸ್.”

“ಚೆಂದಾನ ನಿನ್ನ ಟೋಪಿ ಮೇಲೆ ಇಟ್ಕೋ. ಗುಲಾಬಿಗೆ ಒಂದೂವರೆ.”

ಈ ಕೆಲಸಕ್ಕೆ ಕೈ ತಣ್ಣಗಿರಬೇಕು. ಬೆಚ್ಚನೆಯ ಕೈ ಮುಟ್ಟಿದ ಚಾಕಲೇಟಿನ ಬುಡ ಎರಡು ದಿನಕ್ಕೆ ಮಂಕಾಗುತ್ತದೆ. ಕಾರ್ಖಾನೆ ಕಟ್ಟಿದ ಹಿರಿಯ ಗಾರ್ಸೈಡ್ ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಜನ ಹೆಂಡ ಬಿಟ್ಟು ಕೋಕೋ ಕುಡಿಯಲಿ ಎಂದು ಸಣ್ಣ ಅಂಗಡಿಯಿಂದ ಶುರು ಮಾಡಿದವರು. ಅವರ ಪ್ರಾರ್ಥನೆಯಲ್ಲಿ ಹಾಡಿಲ್ಲ, ಪಾದ್ರಿಯಿಲ್ಲ, ಸುಮ್ಮನೆ ಕೂರುವುದು. ಹಾಗಾಗಿ ನಮ್ಮ ಬೆಳಗೂ ಐದು ನಿಮಿಷದ ಮೌನದಿಂದಲೇ ಶುರುವಾಗುತ್ತಿತ್ತು. ಪ್ರತಿ ವರ್ಷ ಮಾರ್ಚ್ ತಿಂಗಳ ಮೊದಲ ಸೋಮವಾರ ಆ ಮೌನದಲ್ಲಿ ಪ್ರತಿಯೊಬ್ಬರೂ ಅಂಗೈ ಮೇಲೆ ಒಂದು ಚಾಕಲೇಟ್ ಬಿಲ್ಲೆ ಇಟ್ಟುಕೊಳ್ಳಬೇಕು. ಗಂಟೆ ಹೊಡೆದಾಗ ಬಿಲ್ಲೆಯ ಅಂಚು ಹಾಗೇ ಇದ್ದರೆ ಮೇಜು ನಿಮ್ಮದು. ಕರಗಿದ್ದರೆ ಕೆಳಗೆ, ಪೆಟ್ಟಿಗೆ ತುಂಬುವ ಕೋಣೆಗೆ. ನೋಡುವವರು ಮಿಸ್ ಥ್ವೇಟ್ಸ್. ಮೊದಲ ಬಿಲ್ಲೆಯನ್ನು ತಮ್ಮ ಕೈ ಮೇಲೆಯೇ ಇಟ್ಟುಕೊಳ್ಳುತ್ತಿದ್ದರು.

ನಮ್ಮಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ಕ್ವೀನಿ ಮಡ್ ಎಂಬುವಳನ್ನು ಒಂದು ವರ್ಷದ ಪರೀಕ್ಷೆಯಲ್ಲಿ ಹಾಗೆಯೇ ಕೆಳಗೆ ಕಳಿಸಿದರು. ಅವಳು ಅತ್ತಳು. ಮಿಸ್ ಥ್ವೇಟ್ಸ್ ಮನಸ್ಸು ಬದಲಿಸಲಿಲ್ಲ. ಆಮೇಲೆ ಬಹಳ ದಿನ ಕ್ವೀನಿ ಅವರನ್ನು ಬೀದಿಯಲ್ಲಿ ಕಂಡರೆ ಆಚೆ ಬದಿಗೆ ದಾಟಿಬಿಡುತ್ತಿದ್ದಳು.

ಇದಾಗಿ ಮೂರು ವರ್ಷಕ್ಕೆ, ಸಾವಿರದ ಒಂಬೈನೂರ ಮೂವತ್ತೇಳರ ಚಳಿಗಾಲದಲ್ಲಿ, ಮಿಸ್ ಥ್ವೇಟ್ಸ್ ಅವರಿಗೆ ನಲವತ್ತೆಂಟು. ಹೆಂಗಸರಿಗೆ ಆ ವಯಸ್ಸಿನಲ್ಲಿ ಬರುವ ಬಿಸಿ ಅವರಿಗೂ ಬಂತು. ಕುತ್ತಿಗೆಯಿಂದ ಕೆನ್ನೆಗೆ ಕೆಂಪೇರುತ್ತಿತ್ತು, ಅವರು ಮಣಿಕಟ್ಟನ್ನು ಕಲ್ಲಿಗೆ ಒತ್ತಿ ಹಿಡಿಯುತ್ತಿದ್ದರು. ಅವರ ತಟ್ಟೆಯಲ್ಲಿ ಒಂದೊಂದು ಮಂಕು ಬುಡ ನನಗೆ ಸಿಗತೊಡಗಿತು. ನಾನು ಅವನ್ನು ಒಡಕು ಚಾಕಲೇಟಿನ ಡಬ್ಬಿಗೆ ಸೇರಿಸಿಬಿಡುತ್ತಿದ್ದೆ. ಒಂದು ದಿನ ನನ್ನ ಕೈ ಹಿಡಿದರು.

“ಎಷ್ಟು ದಿನದಿಂದ?”

“ಮೂರು ವಾರ ಆಯ್ತು.”

“ಕಳ್ಳಿ,” ಎಂದರು. ಬೈದ ಹಾಗಿರಲಿಲ್ಲ.

ಫೆಬ್ರವರಿ ಕೊನೆಗೆ ಹಿರಿಯ ಗಾರ್ಸೈಡರ ಮೊಮ್ಮಗ ಮಿಸ್ಟರ್ ಎಡ್ಮಂಡ್ ಮೇಲೆ ಬಂದರು. ಅವರಿಗೂ ಸುದ್ದಿ ಮುಟ್ಟಿತ್ತು.

“ಪರೀಕ್ಷೆ ಮಾಡೋರಿಗೆ ಪರೀಕ್ಷೆ ಯಾಕೆ, ಮಿಸ್ ಥ್ವೇಟ್ಸ್? ಈ ಸಲ ಬರೀ ನೋಡಿ ಸಾಕು.”

“ಕ್ವೀನಿ ಮಡ್‌ಗೆ ಏನು ಹೇಳಲಿ, ಸರ್?”

ಮಿಸ್ಟರ್ ಎಡ್ಮಂಡ್ ಟೋಪಿ ಹಾಕಿಕೊಂಡು ಇಳಿದು ಹೋದರು.

ಪರೀಕ್ಷೆಯ ಸೋಮವಾರ ನಾನು ಬೇಗ ಬಂದೆ. ಕಿಟಕಿಯ ಹೊರಗಟ್ಟೆಯಲ್ಲಿ ಹಿಮ ಕೂತಿತ್ತು. ಒಂದು ಬಿಲ್ಲೆಯನ್ನು ಅದರಲ್ಲಿ ಹೂತಿಟ್ಟು, ಮೌನಕ್ಕೆ ಸ್ವಲ್ಪ ಮುಂಚೆ ತೆಗೆದು ಒರೆಸಿ, ಅವರು ಕೈ ಹಾಕುವ ಕಡೆಗೆ ತಟ್ಟೆಯಲ್ಲಿ ಎಲ್ಲಕ್ಕೂ ಮುಂದೆ ಇಟ್ಟೆ. ಕಲ್ಲಿನಂತೆ ಇತ್ತು. ಐದು ನಿಮಿಷ ಕರಗದೆ ಇರುತ್ತಿತ್ತು.

ಅವರು ಅದನ್ನೇ ಎತ್ತಿಕೊಂಡರು. ಬೆರಳುಗಳ ನಡುವೆ ಅರೆಗಳಿಗೆ ಹಿಡಿದರು. ನನ್ನ ಕಡೆ ನೋಡಲಿಲ್ಲ. ಅದನ್ನು ತಟ್ಟೆಯ ಆಚೆ ತುದಿಗೆ ಇಟ್ಟು, ನಡುವಿನಿಂದ ಬೇರೊಂದನ್ನು ತೆಗೆದುಕೊಂಡರು.

ಅಷ್ಟು ಉದ್ದದ ಮೌನ ನಾನು ಮತ್ತೆ ಕಾಣಲಿಲ್ಲ. ಎರಡನೇ ನಿಮಿಷಕ್ಕೆ ಕೆಂಪು ಏರಿತು. ಗಂಟೆ ಹೊಡೆದಾಗ ಅವರ ಅಂಗೈ ಗೆರೆಗಳಲ್ಲೆಲ್ಲ ಕಂದು ಬಣ್ಣ ತುಂಬಿತ್ತು. ಕೈಯನ್ನು ಎತ್ತಿ ನಮ್ಮ ಹದಿನೆಂಟು ಜನಕ್ಕೂ ತೋರಿಸಿದರು.

“ಥ್ವೇಟ್ಸ್, ಕೆಳಗೆ,” ಎಂದರು. ಬೇರೆಯವರ ಹೆಸರು ಕೂಗುತ್ತಿದ್ದ ಅದೇ ದನಿ. ಆಮೇಲೆ ಒಬ್ಬೊಬ್ಬರ ಕೈಯನ್ನೂ ನೋಡಿ ಮುಗಿಸಿ, ಗುರುತಿನ ಕಡ್ಡಿಯನ್ನು ನನ್ನ ಮುಂದೆ ಇಟ್ಟು, ಏಪ್ರನ್ ಬಿಚ್ಚಿ ನಾಲ್ಕು ಮಡಿಕೆ ಮಾಡಿದರು.

ಅವರ ಟೀ ಬಟ್ಟಲು ಹಿಡಿದು ನಾನೂ ಹಿಂದೆ ಇಳಿದೆ. ಕ್ವೀನಿ ಬಾಗಿಲಿಗೆ ಎದುರೇ ಕೂತಿದ್ದಳು.

“ಬನ್ನಿ, ಮಿಸ್ ಥ್ವೇಟ್ಸ್. ಸುಡುಗೈಯೋರ ಮನೆಗೆ ಬನ್ನಿ. ಮೂರು ವರ್ಷದಿಂದ ನಿಮಗೆ ಅಂತ ಜಾಗ ಹಿಡ್ಕೊಂಡಿದ್ದೀನಿ.”

ಕೆಲವರು ನಕ್ಕರು.

“ಹಂಗಾದ್ರೆ ಸ್ವಲ್ಪ ಪಕ್ಕಕ್ಕೆ ಸರಿ,” ಎಂದರು ಮಿಸ್ ಥ್ವೇಟ್ಸ್. “ಕಾಗದ ಮಡಿಸೋದು ಹೇಳ್ಕೊಡು.”

“ಮಡಿಕೆ ತಪ್ಪಿದ್ರೆ ನಾನು ಸುಮ್ನಿರಲ್ಲ.”

“ಇರಬೇಡ.”

ಕ್ವೀನಿ ಅವರ ಕೈಯನ್ನು ನೋಡಿದಳು. ಕಂದು ಇನ್ನೂ ಒಣಗಿರಲಿಲ್ಲ. ತನ್ನ ಒದ್ದೆ ಬಟ್ಟೆಯನ್ನು ಅವರ ಕಡೆ ತಳ್ಳಿ, ಪಕ್ಕಕ್ಕೆ ಸರಿದು ಕೂತಳು.

ಮುಂದಿನ ವರ್ಷ ನಾನು ಮದುವೆಯಾಗಿ ಕೆಲಸ ಬಿಟ್ಟೆ. ಯುದ್ಧದಲ್ಲಿ ಗಂಡ ತೀರಿಕೊಂಡ. ವಿಧವೆಯರನ್ನು ಕಾರ್ಖಾನೆ ಮತ್ತೆ ಸೇರಿಸಿಕೊಳ್ಳುತ್ತಿತ್ತು. ಹಳೆಯ ಮೇಜಿಗೇ ಬಂದೆ. ಬಂದ ಎರಡನೇ ದಿನ ಕೆಳಗಿನಿಂದ ನನ್ನ ಗುಲಾಬಿಯ ತಟ್ಟೆಯೊಂದು ವಾಪಸು ಬಂತು, ಜೊತೆಗೆ ಸೀಸದ ಕಡ್ಡಿಯಲ್ಲಿ ಬರೆದ ಚೀಟಿ. ನಾನು ಮರಳಿದ್ದನ್ನು ಮಿಸ್ ಥ್ವೇಟ್ಸ್ ಅವರಿಗೆ ಯಾರೂ ಹೇಳಿರಲಿಲ್ಲ ಎಂದು ಕ್ವೀನಿ ಆಮೇಲೆ ಆಣೆಯಿಟ್ಟು ಹೇಳಿದಳು.

“ಎಟ್ಟಿ ಬಂದಿದಾಳೆ ಅಂತ ಕಾಣುತ್ತೆ,” ಎಂದಿತ್ತು ಚೀಟಿಯಲ್ಲಿ. “ಗುಲಾಬಿಗೆ ಒಂದೂವರೆ.”

ಆ ತಟ್ಟೆಯಲ್ಲಿದ್ದವನ್ನೆಲ್ಲ ಕರಗಿಸಿ ಮೊದಲಿನಿಂದ ಮಾಡಿದೆ.