ಅಜ್ಜಿ ಹಿಡಿದ ಕೇಬಲ್

ಕಾಂದಿವಲಿಯ ಬಿಲ್ಡಿಂಗೊಂದರ ಟೆರೇಸಿನಲ್ಲಿ ಟಿವಿ ಡಿಶ್ ಕೂರಿಸಿ, ಕೆಳಗಿನ ಸೊಸೈಟಿ ಸೆಕ್ರೆಟರಿಯ ಮನೆಗೆ ಕೇಬಲ್ ಇಳಿಬಿಟ್ಟೆ. ಕೆಳಗೆ ಹೋದರೆ ಕೇಬಲ್ಲೇ ಬಂದಿಲ್ಲ! ಕ್ರಿಕೆಟ್ ನೋಡಲು ಸೇರಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು.

ಮತ್ತೆ ಮೆಟ್ಟಿಲು ಹತ್ತಿದೆ. ಮೂರನೇ ಮಹಡಿಯ ಅಜ್ಜಿಯೊಬ್ಬರು ಕೇಬಲನ್ನು ಕಿಟಕಿಯೊಳಗೆ ಎಳೆದುಕೊಂಡು, ತಮಗೂ ಬೇಕೆಂದು ಗಟ್ಟಿಯಾಗಿ ಹಿಡಿದಿದ್ದರು. ಹಿಂದಿಯಲ್ಲಿ ಎಷ್ಟು ಬೇಡಿದರೂ ಬಿಡಲಿಲ್ಲ.

"ಅಯ್ಯೋ, ಏನಪ್ಪಾ ಮಾಡೋದು" ಎಂದು ಗೊಣಗಿದೆ.

ಅಜ್ಜಿಯ ಮುಖ ಅರಳಿತು. "ಕನ್ನಡದವರಾ ಮಾರಾಯ್ರೆ? ನಾವು ಉಡುಪಿಯವರು. ಇದರಲ್ಲಿ ಕನ್ನಡ ಬರ್ತದಾ?"

"ಇಲ್ಲಮ್ಮ. ಕನ್ನಡ ಚಾನೆಲ್ ಇನ್ನೂ ಶುರುವಾಗಿಲ್ಲ. ಇಂಗ್ಲಿಷು, ಹಿಂದಿ ಅಷ್ಟೇ."

"ಹಾಗಾದ್ರೆ ನಂಗೆ ಯಾಕೆ? ತಕೊಂಡು ಹೋಗಿ. ಮೊದಲು ಚಾ ಕುಡೀರಿ."

ಊರಿನ ಮಾತು ಮುಗಿಯುವಷ್ಟರಲ್ಲಿ ಕೆಳಗಿನವರಿಗೆ ಎರಡು ವಿಕೆಟ್ ತಪ್ಪಿತ್ತು. ಯಾಕೆ ತಡ ಎಂದು ಕೇಳಿದವರಿಗೆ, ಕೇಬಲ್ ಎಲ್ಲೋ ಸಿಕ್ಕಿಕೊಂಡಿತ್ತು ಎಂದೆ. ಅದು ಸುಳ್ಳೇನೂ ಅಲ್ಲ.