ಎಲ್ಬಿಯೊ ಕದ್ದ ಹಬೆ

ಒಂದು ಕಾಲಕ್ಕೆ ಇಂಗ್ಲಿಷರದ್ದಾಗಿದ್ದ ಮಾಂಸದ ಕಾರ್ಖಾನೆ ಮುಚ್ಚಿ ನಲವತ್ತು ವರ್ಷವಾಗಿತ್ತು. ಆದರೂ ನೆಲ್ಬಾ ಬೆಂತಾನ್ಕೋರ್ ಮುಂಜಾನೆ ಐದೂವರೆಗೇ ಎದ್ದು ಕೂರುತ್ತಿದ್ದಳು. ಡಬ್ಬಿಗಳಿಗೆ ಚೀಟಿ ಅಂಟಿಸುವ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದ ಕೈ ಅದು. ಅಂಗಡಿಯಲ್ಲಿ ಬಟಾಣಿ ಡಬ್ಬಿಯ ಚೀಟಿ ಸೊಟ್ಟಗಿದ್ದರೆ ಅಂಗಡಿಯವನಿಗೆ ಮಂಗಳಾರತಿ ಮಾಡದೆ ಅವಳು ಹೊರಗೆ ಬಂದವಳಲ್ಲ.

ಉರುಗ್ವೆ ನದಿಯ ದಂಡೆಯ ಆ ಊರಿನಲ್ಲಿ ‘ಹಳೆ ಕಾರ್ಖಾನೆಯ ಗೆಳೆಯರ ಸಂಘ’ ಹುಟ್ಟಿದಾಗ ಮೊದಲು ಸೇರಿದವರಲ್ಲಿ ಅವಳೂ ಒಬ್ಬಳು. ಅಧ್ಯಕ್ಷರು ಗರಾಟ್ ಮೇಷ್ಟ್ರು. ಮಕ್ಕಳಿಗೆ ಭೂಗೋಳ ಕಲಿಸಿ ನಿವೃತ್ತರಾದವರು. ಕಾರ್ಖಾನೆಯಲ್ಲಿ ಒಂದು ದಿನವೂ ದುಡಿದವರಲ್ಲ. ಆದರೆ ಅದರ ಒಂದೊಂದು ತುಕ್ಕಿನ ಮೊಳೆಗೂ ನಂಬರು ಕೊಟ್ಟು, ಕಡತದಲ್ಲಿ ಬರೆದು, ಎಣ್ಣೆ ಹಚ್ಚಿ ಕಾಪಾಡಿದ ಪುಣ್ಯಾತ್ಮರು.

ನೆಲ್ಬಾ ಸೊಂಟದ ಆಪರೇಷನ್ ಮಾಡಿಸಿಕೊಂಡು ತಂಗಿಯ ಮನೆಯಲ್ಲಿ ಎಂಟು ತಿಂಗಳಿದ್ದು ಬಂದಳು. ಬಂದವಳೇ ಕೋಲೂರಿಕೊಂಡು, ಸಂಘ ಈಗ ಮ್ಯೂಸಿಯಂ ಮಾಡಿದ್ದ ಹಳೆ ಬಾಯ್ಲರ್ ಮನೆಗೆ ಹೋದರೆ, ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ತಾಮ್ರದ ಸುರುಳಿ ಕೊಳವೆ, ಅದಕ್ಕೊಂದು ಪುಟ್ಟ ನಲ್ಲಿ. ಕೆಳಗೆ ಫಲಕ: ‘ಹಬೆಯ ಶುದ್ಧತೆಯನ್ನು ಪರೀಕ್ಷಿಸುವ ಉಪಕರಣ. ಅಜ್ಞಾತ ಇಂಗ್ಲಿಷ್ ಎಂಜಿನಿಯರರ ಅಪೂರ್ವ ಸೃಷ್ಟಿ. ಗೋಡೆಯ ದುರಸ್ತಿಯಲ್ಲಿ ದೊರೆತದ್ದು.’

ನೆಲ್ಬಾ ಫಲಕವನ್ನು ಎರಡು ಸಲ ಓದಿದಳು. ಆಮೇಲೆ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಹಿಂದೆ ತಿರುಗಿ ನೋಡಿದಳು. ಅದನ್ನು ಮಾಡಿದವನು ಅವಳ ಗಂಡ ಎಲ್ಬಿಯೊ, ಬಾಯ್ಲರ್ ಕೆಲಸಗಾರ. ಪಾಳಿಯ ನಡುವೆ ಮಾಟೆ ಕುಡಿಯಲು ನೀರು ಕಾಯಿಸಿದರೆ ಆ ಕಾಲದಲ್ಲಿ ಕೆಲಸದಿಂದಲೇ ವಜಾ. ಸೋರೆಬುರುಡೆಯಲ್ಲಿ ಆ ಕಹಿ ಸೊಪ್ಪಿನ ಕಷಾಯವಿಲ್ಲದೆ ಎಂಟು ಗಂಟೆ ನಿಲ್ಲುವುದು ಅಲ್ಲಿ ಯಾವ ಗಂಡಸಿನಿಂದಲೂ ಆಗದ ಮಾತು. ಎಲ್ಬಿಯೊ ದೊಡ್ಡ ಕೊಳವೆಯಿಂದ ಹಬೆ ಕದ್ದು, ಇಟ್ಟಿಗೆಗಳ ಹಿಂದೆ ಈ ಸುರುಳಿ ಬಚ್ಚಿಟ್ಟು, ಹದಿನೆಂಟು ವರ್ಷ ಇಡೀ ಪಾಳಿಗೆ ಬಿಸಿನೀರು ಕೊಟ್ಟಿದ್ದ.

ಅವನು ಸತ್ತು ಹನ್ನೊಂದು ವರ್ಷವಾಗಿತ್ತು. ಆದರೂ ಅವಳಿಗೆ ಮೊದಲು ಹೊಳೆದದ್ದು: ಸಿಕ್ಕಿಬಿದ್ದನಲ್ಲ! ಬಾಯಿ ಮುಚ್ಚಿಕೊಂಡಿರುವುದೇ ಒಳ್ಳೆಯದು ಎಂದುಕೊಂಡು ಮನೆಗೆ ಬಂದಳು. ಆದರೆ ಆ ‘ಇಂಗ್ಲಿಷ್ ಎಂಜಿನಿಯರ್’ ಮುಳ್ಳಿನಂತೆ ಚುಚ್ಚುತ್ತಲೇ ಇದ್ದ.

ಮುಂದಿನ ವಾರ, ಹಳೆ ಕಾರ್ಖಾನೆಗಳನ್ನು ಕಾಪಾಡುವ ಯಾವುದೋ ದೊಡ್ಡ ಸಂಸ್ಥೆಯಿಂದ ಬೆಲ್ಜಿಯಂನ ತಜ್ಞೆಯೊಬ್ಬಳು ನೋಡಲು ಬಂದಳು. ಗರಾಟ್ ಮೇಷ್ಟ್ರು ಟೈ ಕಟ್ಟಿಕೊಂಡು, ಗಾಜಿನ ಪೆಟ್ಟಿಗೆಯ ಮುಂದೆ ನಿಂತು, ತಾವು ಇದರ ಮೇಲೆ ಹನ್ನೆರಡು ಪುಟದ ಪ್ರಬಂಧ ಬರೆದದ್ದನ್ನು ಹೇಳಿದರು. “ಆ ಇಂಗ್ಲಿಷಿನವನ ತಲೆ ಎಂಥಾದ್ದು ನೋಡಿ!” ಎಂದರು.

“ಯಾವ ಇಂಗ್ಲಿಷಿನವ್ನೂ ಅಲ್ಲ, ಮೇಷ್ಟ್ರೇ. ನಮ್ಮನೆಯವ್ರು,” ಎಂದುಬಿಟ್ಟಳು ಹಿಂದೆ ನಿಂತಿದ್ದ ನೆಲ್ಬಾ.

“ದೋನ್ಯಾ ನೆಲ್ಬಾ, ಆಮೇಲೆ ಮಾತಾಡೋಣ ಕಣಮ್ಮ,” ಎಂದರು ಮೇಷ್ಟ್ರು, ಮರ್ಯಾದೆಯ ‘ದೋನ್ಯಾ’ ಬಿಡದೆ.

“ಆಮೇಲೆ ಗೀಮೇಲೆ ಇಲ್ಲ. ಇದು ಮಾಟೆಗೆ ನೀರು ಕಾಯ್ಸೋದು.”

“ಪ್ರಬಂಧ ಅಚ್ಚಾಗಿ ಹೋಗಿದೆ!”

“ಅಚ್ಚಾದ್ರೆ ನೀರು ಕಾಯೋದು ನಿಲ್ಸುತ್ತಾ? ಪೆಟ್ಟಿಗೆ ತೆಗೀರಿ, ತೋರಿಸ್ತೀನಿ.”

ಶಾಲಾಮಕ್ಕಳಿಗೆ ತೋರಿಸಲು ಸಂಘದಲ್ಲಿ ಒಂದು ಪುಟ್ಟ ಬಾಯ್ಲರ್ ಇತ್ತು. ಬೆಲ್ಜಿಯಂನವಳೇ ಅಂಗಿಯ ತೋಳು ಮಡಚಿ ಸುರುಳಿಯನ್ನು ಅದಕ್ಕೆ ಜೋಡಿಸಿದಳು. ಹಬೆ ಬಂತು. ಮೊದಲು ತುಕ್ಕು ನೀರು ಮೇಷ್ಟ್ರ ಟೈ ಮೇಲೆ ಚಿಮ್ಮಿತು, ಆಮೇಲೆ ಸತ್ತ ಜಿರಳೆಯೊಂದು ಹೊರಬಿತ್ತು, ಕೊನೆಗೆ ತಿಳಿನೀರು. ನೆಲ್ಬಾ ನಲ್ಲಿಯನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದಳು. ತಜ್ಞೆ ಉಷ್ಣಮಾಪಕ ಹಿಡಿದಳು: ಎಂಬತ್ತು ಡಿಗ್ರಿ. ಮಾಟೆಗೆ ಬೇಕಾದ್ದು ಸರಿಯಾಗಿ ಅಷ್ಟೇ. ಕುದಿದರೆ ಸೊಪ್ಪು ಸುಟ್ಟುಹೋಗುತ್ತದೆ.

ಚೀಲದಲ್ಲಿ ಮಾಟೆ ಸೊಪ್ಪು, ಸೋರೆಬುರುಡೆ ಇಟ್ಟುಕೊಳ್ಳದೆ ಅಲ್ಲಿ ಯಾರು ಮನೆ ಬಿಡುತ್ತಾರೆ? ಮೊದಲ ಬುರುಡೆ ಮೇಷ್ಟ್ರಿಗೇ ಹೋಯಿತು. ಅವರು ಬುರುಡೆಯ ಹೀರುಗೊಳವೆ ಕಚ್ಚಿ ಸೊರಸೊರ ಎನ್ನುವವರೆಗೆ ಹೀರಿದರು.

“ಹದವಾಗಿದೆ,” ಎಂದರು ಕೊನೆಗೆ. ಧ್ವನಿ ಸೂತಕದ ಮನೆಯದ್ದಾಗಿತ್ತು.

ಸುದ್ದಿ ಊರೆಲ್ಲ ಹರಡಿತು. ಬಂದ ಭಾನುವಾರ ಸಂಘದ ಬಾಗಿಲಲ್ಲಿ ಮುದುಕರ ಸಾಲೇ ಸಾಲು, ಎಲ್ಲರಿಗೂ ತಪ್ಪೊಪ್ಪಿಗೆಯ ಆತುರ. ಒಬ್ಬಳು ಲಂಗದೊಳಗೆ ಹಸುವಿನ ನಾಲಗೆ ಕಟ್ಟಿಕೊಂಡು ಗೇಟು ದಾಟಿದ್ದಳು. ಒಬ್ಬನ ಕೋಳಿಗೂಡಿನ ಸೂರು ಪೂರ್ತಿ ಕಾರ್ಖಾನೆಯ ತಗಡು. ಮೇಷ್ಟ್ರು ಮೊದಲು ಮುಖ ಸಿಂಡರಿಸಿ ಕೂತಿದ್ದರು, ಮೂರನೆಯವನ ಕಥೆಗೆ ಪೆನ್ನು ತೆಗೆದರು, ಸಂಜೆಯ ಹೊತ್ತಿಗೆ “ನಾಲಗೆ ಎಷ್ಟು ಉದ್ದ ಇತ್ತಮ್ಮ?” ಎಂದು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದರು.

ಸಾಲಿನ ಕೊನೆಯಲ್ಲಿ ತೊಂಬತ್ತೊಂದರ ದೊನ್ ಕಾಸಿಯಾನೊ ಇದ್ದ. ಒಂದು ಕಾಲದ ಸೂಪರ್‌ವೈಸರ್. ಅವನ ಬೂಟಿನ ಸದ್ದು ಕೇಳಿದರೆ ಇಡೀ ಪಾಳಿ ಉಸಿರು ಬಿಗಿಹಿಡಿಯುತ್ತಿತ್ತು. ಅವನನ್ನು ಕಂಡು ನೆಲ್ಬಾ ತನಗರಿವಿಲ್ಲದೆಯೇ ಎದ್ದು ನಿಂತಳು.

“ಕೂತ್ಕೋ, ನೆಲ್ಬಾ. ಆ ನಲ್ಲಿ ವಿಷ್ಯ ನಂಗೆ ಗೊತ್ತಿತ್ತು.”

“ಗೊತ್ತಿತ್ತಾ?”

“ನಿಮ್ಮೋರೆಲ್ಲ ಊಟಕ್ಕೆ ಹೋದ್ಮೇಲೆ ನಾನೂ ಅಲ್ಲೇ ಬುರುಡೆ ತುಂಬಿಸ್ಕೋತಿದ್ದೆ. ಇಟ್ಟಿಗೆ ಸಡಿಲ ಆದಾಗ ಹಿಂದಿನ್ ಥರಾನೇ ಕೂರ್‍ಸಿದ್ದೂ ನಾನೇ.”

ನೆಲ್ಬಾಳ ಮುಖ ಕೆಂಪೇರಿತು. “ಅಯ್ಯೋ ನಿನ್ನ ಮನೆ ಹಾಳಾಗ! ನಾವು ಹದಿನೆಂಟು ವರ್ಷ ನಿನ್ನ ಹೆದರಿಕೆಗೆ ನಿದ್ದೆಗೆಟ್ಟಿದ್ದೀವಿ. ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ರೆ ನನ್ನ ಕೆಲ್ಸ ಹೋಗ್ತಿತ್ತು ಕಣೇ,” ಎಂದ ಮುದುಕ, ಪಾಪದ ಮುಖ ಮಾಡಿ.

ಅವಳು ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ನಗು ತಡೆಯಲಾಗದೆ ಕುರ್ಚಿಯ ಮೇಲೆ ಕುಸಿದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ, ಹೊಸ ಹಾಳೆ ತಿರುವಿ, “ದೊನ್ ಕಾಸಿಯಾನೊ, ಇಟ್ಟಿಗೆ ಕೂರಿಸಿದ್ದು ಯಾವ ಇಸವಿ?” ಎಂದರು.