ಅತ್ತಿಗೆಗೆ ಹಾಕಿದ ಬೆರಳಿಲ್ಲದ ಗ್ಲೌಸು

ನಮ್ಮ ಬೀದಿಯಲ್ಲಿ ಸೀರೆಗೆ ಕ್ರೋಷಾ ಕುಚ್ಚು ಹಾಕಿಸಬೇಕೆಂದರೆ ನಮ್ಮ ಮನೆಯ ಬಾಗಿಲನ್ನೇ ತಟ್ಟಬೇಕು. ಇದು ಜಂಬವಲ್ಲ. ಸರಿ, ಜಂಬವೇ, ಏನೀಗ? ನಂಜನಗೂಡಿಗೆ ಸೊಸೆಯಾಗಿ ಬಂದು ಮೂವತ್ತು ವರ್ಷವಾಯಿತು. ಅಂಗಡಿ ಗಂಡನದು, ಅಡಿಗೆಮನೆ ಬಹುಕಾಲ ಅತ್ತೆಯದು, ನನ್ನದು ಅಂತ ಇದ್ದದ್ದು ಕ್ರೋಷಾ ಕಡ್ಡಿಯೊಂದೇ. ನಾನು ಹೆಣಿಗೆಯ ಕಂಬ ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಹರಿಹಾಯುತ್ತೇನೆ. ಲೆಕ್ಕ ತಪ್ಪಿದರೆ ಕೂತು ಬಿಚ್ಚುವವರು ಯಾರು, ಅವರಾ?

ಹೋದ ಚಳಿಗಾಲದಲ್ಲಿ ಫೋನಿನಲ್ಲಿ ಒಂದು ವಿಡಿಯೊ ಕಣ್ಣಿಗೆ ಬಿತ್ತು. ಯಾವುದೋ ದೇಶದ ಹೆಂಗಸು ಬೆರಳ ಗೆಣ್ಣಿನಿಂದ ಹಿಡಿದು ಮೊಣಕೈ ದಾಟುವವರೆಗೆ ಉದ್ದನೆಯ ಗ್ಲೌಸನ್ನು ಕ್ರೋಷಾದಲ್ಲಿ ಹೆಣೆಯುತ್ತಿದ್ದಳು. ಬೆರಳುಗಳು ಮಾತ್ರ ಈಚೆಗೆ. "ಇದೇನು ಶೋಕಿನಮ್ಮ, ಚಳಿಯಾಗೋದು ಬೆರಳಿಗೆ, ಮುಚ್ಚಿರೋದು ತೋಳನ್ನ" ಎಂದು ಒಬ್ಬಳೇ ನಕ್ಕೆ. ನಕ್ಕವಳು ಅದೇ ವಿಡಿಯೊವನ್ನು ಮತ್ತೊಮ್ಮೆ ಹಾಕಿದೆ. ಬೆರಳು ಬಿಟ್ಟು ತೋಳು ಮಾತ್ರ ಮುಚ್ಚಬೇಕಾದ ಕೈಯೊಂದು ನನಗೆ ಗೊತ್ತಿತ್ತು.

ಅದು ಹೆಮ್ಮಿಗೆಯಲ್ಲಿರುವ ನನ್ನ ಅತ್ತಿಗೆಯ ಕೈ. ನಾನು ಆರು ವರ್ಷದವಳಿದ್ದಾಗ ಅವ್ವ ತೀರಿಕೊಂಡಳು. ಮಾರನೇ ವರ್ಷ ಅಣ್ಣನ ಮದುವೆಯಾಗಿ ಅತ್ತಿಗೆ ಮನೆಗೆ ಬಂದಳು. ಅವಳಿಗೇ ಆಗ ಹತ್ತೊಂಬತ್ತೋ ಇಪ್ಪತ್ತೋ. ಬಂದ ವಾರಕ್ಕೆ ನನ್ನ ತಲೆಯ ಹೇನು ತೆಗೆದು, ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ ಸ್ಕೂಲಿಗೆ ಕಳಿಸಿದಳು. ಅವತ್ತಿನಿಂದ ನನ್ನ ತಾಯಿ ಅಂದರೆ ಅವಳೇ. ಮನೆಯಲ್ಲಿ ಮೂರು ಹಸು ಇದ್ದವು. ಅವಕ್ಕೆ ಹುಲ್ಲು ಕೊಯ್ಯಲು ದಿನಾ ಬೆಳಿಗ್ಗೆ ಕಬ್ಬಿನ ಗದ್ದೆಯೊಳಗೆ ನುಗ್ಗುತ್ತಿದ್ದಳು, ಇವತ್ತಿಗೂ ನುಗ್ಗುತ್ತಾಳೆ. ಕಬ್ಬಿನ ಗರಿಯ ಅಂಚು ಬ್ಲೇಡಿನಷ್ಟು ಚೂಪು. ಹಳೇ ಗೀರು ಮಾಯುವುದರೊಳಗೆ ಹೊಸ ಗೀರು ಬೀಳುತ್ತಿತ್ತು. ಅಣ್ಣನ ತುಂಬುತೋಳಿನ ಅಂಗಿ ಹಾಕಿಕೋ ಅಂದರೆ, "ಸೆಕೆ ಕಣ್ ಕೂಸೇ, ಬುಡು ಅತ್ಲಾಗೆ" ಅನ್ನುತ್ತಿದ್ದಳು. ಜಡೆ ಹಾಕುವಾಗ ಆ ತೋಳು ನನ್ನ ಕತ್ತಿಗೆ ತಾಕುತ್ತಿತ್ತು, ಒರಟೊರಟಾಗಿ. ಐವತ್ತು ದಾಟಿದವಳು ಹೇಳುವ ಮಾತಲ್ಲ, ಆದರೂ ಹೇಳುತ್ತೇನೆ: ಆ ಒರಟು ನನಗೆ ಇವತ್ತಿಗೂ ಬೇಕು.

ಅದನ್ನು ಕಳೆದುಕೊಂಡವಳು ನಾನೇ. ನನ್ನನ್ನು ನೋಡಲು ನಂಜನಗೂಡಿನಿಂದ ಗಂಡಿನ ಕಡೆಯವರು ಬಂದಿದ್ದ ದಿನ ಅದು. ಅಂಗಡಿ ಇಟ್ಟವರು, ಪೇಟೆಯವರು, ಹೆಂಗಸರ ಕೈಯೆಲ್ಲ ನುಣ್ಣಗೆ ಬೆಳ್ಳಗೆ. ಬೆಳಿಗ್ಗೆಯಿಂದ ಒಲೆ ಮುಂದೆ ಕೂತು ಉಪ್ಪಿಟ್ಟು, ಕೇಸರಿಬಾತು ಮಾಡಿದ ಅತ್ತಿಗೆ ತಟ್ಟೆ ಹಿಡಿದು ನಡುಮನೆಗೆ ಹೊರಟಳು. ನಾನು ಬಾಗಿಲಲ್ಲಿ ತಡೆದೆ. "ಅತ್ಗೆಮ್ಮ, ಕೈ ಮುಚ್ಕೊ. ಅವ್ರು ಏನಂದ್ಕತಾರೆ?" ಅಂದೆ. ಅವಳು ನನ್ನ ಮುಖ ನೋಡಿದಳು. ತಟ್ಟೆ ಕೆಳಗಿಟ್ಟು, ಸೆರಗನ್ನು ಎರಡೂ ತೋಳಿಗೆ ಸುತ್ತಿಕೊಂಡು, ಮತ್ತೆ ತಟ್ಟೆ ಎತ್ತಿಕೊಂಡು ಹೋದಳು.

ಬೈದಿದ್ದರೆ ಮುಗಿದುಹೋಗುತ್ತಿತ್ತು. ಬೈಯಲಿಲ್ಲವಲ್ಲ, ಅದೇ ಕಷ್ಟ. ನನ್ನ ಮದುವೆಯಲ್ಲಿ, ನನ್ನ ಮಗಳ ನಾಮಕರಣದಲ್ಲಿ, ನಂಜನಗೂಡಿನ ನನ್ನ ಮನೆಗೆ ಬಂದಾಗಲೆಲ್ಲ ಅವಳ ತೋಳು ಸೆರಗಿನೊಳಗೇ ಇರುತ್ತಿತ್ತು. ಊಟಕ್ಕೆ ಕೂತರೂ ಮುಂಗೈಯಷ್ಟೇ ಆಚೆಗೆ. ಒಂದು ಸಲ ಬೇಕೆಂತಲೇ ತಲೆ ಬಿಚ್ಚಿಕೊಂಡು, ಎಣ್ಣೆ ಬಟ್ಟಲು ಹಿಡಿದು ಅವಳ ಮುಂದೆ ಹೋಗಿ ಕೂತೆ. "ನಿನ್ ಮಗಳ ಕೈಲಿ ಆಕುಸ್ಕೊ ಕೂಸೇ" ಅಂದಳು. ನನ್ನ ಬಾಯಿ ಜಗಳಕ್ಕಾದರೆ ಹರಿತ. ತಪ್ಪಾಯಿತು ಅನ್ನಲು ಮೂವತ್ತು ವರ್ಷದಲ್ಲಿ ಒಂದು ದಿನವೂ ತೆರೆಯಲಿಲ್ಲ.

ಅದಕ್ಕೇ ಕಡ್ಡಿ ಹಿಡಿದೆ. ಗದ್ದೆಯಲ್ಲಿ ಉಲ್ಲನ್ ಆದರೆ ಸೆಕೆ ಎಂದು ಹತ್ತಿಯ ದಾರ ತಂದೆ. ಮಣ್ಣಿನ ಕಲೆ ಕಾಣದಿರಲಿ ಎಂದು ಕಂದುಗೆಂಪು ಬಣ್ಣ ಆರಿಸಿದೆ. ಕುಡುಗೋಲು ಹಿಡಿಯಲು ಬೆರಳೈದೂ ಆಚೆಗೆ, ಹೆಬ್ಬೆರಳಿಗೆ ಒಂದು ಕಿಂಡಿ, ಅಲ್ಲಿಂದ ಮೇಲೆ ಗರಿ ತೂರದಷ್ಟು ಒತ್ತೊತ್ತಾಗಿ ಕಂಬ. ಹತ್ತು ದಿನದಲ್ಲಿ ಒಂದು ಕೈ ಮುಗಿಯಿತು. ಅಳತೆಗೆಂದು ನಾನೇ ಹಾಕಿಕೊಳ್ಳಹೋದರೆ ಮಣಿಕಟ್ಟಿನ ಹತ್ತಿರ ನಿಂತೇಬಿಟ್ಟಿತು. ಬಳೆ! ವಿಡಿಯೊದ ಹೆಂಗಸಿನ ಕೈ ಬೋಳು. ಅವಳನ್ನು ನೋಡಿಕೊಂಡು ಹಾಕುತ್ತ ಕೂತ ನನಗೆ, ಜನ್ಮದಲ್ಲಿ ಬಳೆ ಬಿಚ್ಚದ ನನಗೆ, ಅತ್ತಿಗೆ ಗಾಜಿನ ಬಳೆ ತೊಟ್ಟೇ ಗದ್ದೆಗೆ ಇಳಿಯುತ್ತಾಳೆ ಅನ್ನುವುದು ಹೊಳೆದಿರಲಿಲ್ಲ. ನನ್ನನ್ನೇ ಚೆನ್ನಾಗಿ ಬೈದುಕೊಂಡು ಪೂರ್ತಿ ಬಿಚ್ಚಿದೆ. ಎರಡನೇ ಸಲ ಮಣಿಕಟ್ಟಿಗೆ ಎಂಟು ಕಂಬ ಹೆಚ್ಚಿಗೆ ಕೊಟ್ಟೆ, ಬಳೆಯ ಮೇಲೆಯೇ ಏರಿಸಿಕೊಳ್ಳಬಹುದು.

ಜೋಡಿ ಮುಗಿಯುವ ಹೊತ್ತಿಗೆ ನನ್ನ ಬಸುರಿ ಮಗಳಿಗೆ ಏಳು ತಿಂಗಳು ತುಂಬಿತ್ತು. ಮನೆಯಲ್ಲಿ ಬಳೆ ಶಾಸ್ತ್ರ ಇಟ್ಟುಕೊಂಡೆವು. ಬಸುರಿಗೆ ಹಸಿರು ಬಳೆ ತೊಡಿಸಿ, ಬಂದ ಮುತ್ತೈದೆಯರಿಗೆಲ್ಲ ತೊಡಿಸುವ ಶಾಸ್ತ್ರ. ಅತ್ತಿಗೆಯನ್ನು ಕರೆಯಲು ನರಸೀಪುರದ ಬಸ್ಸು ಹತ್ತಿ ನಾನೇ ಹೆಮ್ಮಿಗೆಗೆ ಹೋಗಬೇಕಿತ್ತು. ಹೋಗಲಿಲ್ಲ. ಎದುರಿಗೆ ನಿಂತು ಏನೆಂದು ಕೊಡಲಿ? ಮೋಟರ್ ರಿಪೇರಿಗೆ ಅಣ್ಣ ನಂಜನಗೂಡಿಗೆ ಬಂದಾಗ, ಶಾಸ್ತ್ರಕ್ಕೆ ಕೊಡಬೇಕಾದ ಸೀರೆ, ಅರಿಶಿನ ಕುಂಕುಮ, ಮತ್ತೆ ಈ ಗ್ಲೌಸು, ಎಲ್ಲ ಒಂದೇ ಚೀಲಕ್ಕೆ ಹಾಕಿ ಕಳಿಸಿಬಿಟ್ಟೆ. ಸಂಜೆ ಅತ್ತಿಗೆಯ ಫೋನು ಬಂತು. "ಅದ್ಯಾನ ಕೂಸೇ, ಉದ್ದುಕೆ ಕಾಲ್ಚೀಲ್ದಂಗದೆ?"

"ಕೈಗೆ ಹಾಕ್ಕಳದು ಕಣತ್ಗೆಮ್ಮ" ಅಂದೆ. ಯಾಕೆ ಅಂತ ಅವಳೇ ತಿಳಿದುಕೊಳ್ಳಲಿ ಎಂದು ಅಷ್ಟಕ್ಕೇ ಬಿಟ್ಟೆ.

ಅತ್ತಿಗೆ, "ಊಂ, ಗೊತ್ತಾಯ್ತು. ಆಕ್ಕತೀನಿ ಬುಡು" ಅಂದಳು. ಅವಳಿಗೆ ಗೊತ್ತಾಯಿತಂತೆ! ನನಗೆ ಎಷ್ಟು ಖುಷಿಯಾಯಿತೆಂದರೆ ಮಾರನೇ ದಿನ ಯಾರ ಮೇಲೂ ರೇಗಲಿಲ್ಲ.

ಶಾಸ್ತ್ರದ ದಿನ ಬೀಗರ ಕಡೆಯವರು ಮನೆ ತುಂಬ ಸೇರಿದ್ದರು. ನಾನು ಒಳಗೆ ಮಡಿಲಕ್ಕಿ ಜೋಡಿಸುತ್ತಿದ್ದೆ. ನಡುಮನೆಯಿಂದ ಬಳೆಗಾರನ ದನಿ ಕೇಳಿಸಿತು. "ಅವ್ವಾರೆ, ಇದ್ನ ತಗೀರಿ, ಬಳೆ ಏರಾಕಿಲ್ಲ." "ಬ್ಯಾಡ ಕಣಣ್ಣ, ಮ್ಯಾಲೇಯ ತೊಡುಸು." ಅದು ಅತ್ತಿಗೆಯ ದನಿ. ಓಡಿ ಬಂದೆ. ನಾನು ಕೊಟ್ಟ ಸೀರೆಯುಟ್ಟು, ಎರಡೂ ಕೈಗೆ ಕಂದುಗೆಂಪು ಗ್ಲೌಸು ಏರಿಸಿಕೊಂಡು ಚಾಪೆಯ ಮೇಲೆ ಕೂತಿದ್ದಳು. ತೋಳು ಬಡವಾಗಿತ್ತು. ಗ್ಲೌಸು ಜಾರದಂತೆ ರವಿಕೆಯ ತೋಳಿಗೆ ಸೇರಿಸಿ ಸೇಫ್ಟಿಪಿನ್ನು ಹಾಕಿಕೊಂಡಿದ್ದಳು.

ನನ್ನನ್ನು ನೋಡಿ ಅವಳ ಮುಖ ಅರಳಿತು. ಹತ್ತಿರ ಕರೆದು ಕಿವಿಯಲ್ಲಿ ಹೇಳಿದಳು: "ನೋಡು ಕೂಸೇ, ಒಂದ್ ಗೀರೂ ಕಾಣ್ಸಾಕಿಲ್ಲ. ನಿಮ್ ಬೀಗ್ರ ಮುಂದೆ ಸೆರಗು ಜಾರ್ತದೇನೋ ಅನ್ನೋ ದಿಗಿಲೇ ಇಲ್ಲ. ವೊಳ್ಳೇದ್ ಮಾಡ್ಕೊಟ್ಟೆ."

ಅಯ್ಯೋ ಶಿವನೇ! ಮೂವತ್ತು ವರ್ಷದ ಹಿಂದಿನ ಮಾತನ್ನು ಒರೆಸಲು ಹೋಗಿ, ಅದನ್ನೇ ಮತ್ತೆ ಕಂಬ ಕಂಬವಾಗಿ ಹೆಣೆದು ಅವಳ ಕೈಗೆ ಕೊಟ್ಟಿದ್ದೆ. ಸೆರಗು ಸಾಲದು, ಇದನ್ನೂ ಹಾಕಿಕೋ ಅಂದ ಹಾಗೆ. ಮೊಣಕಾಲೂರಿ ಅಲ್ಲೇ ಕೂತೆ. ಪಿನ್ನು ಬಿಚ್ಚುವ ಅವಸರದಲ್ಲಿ ನನ್ನ ಬೆರಳಿಗೇ ಚುಚ್ಚಿಕೊಂಡು, ಒಂದು ಕೈಯ ಗ್ಲೌಸು ಕಳಚಿದೆ.

"ಇದು ಗದ್ದೆಗೆ ಕಣತ್ಗೆಮ್ಮ! ಗರಿ ಗೀರಬಾರ್ದು ಅಂತ ಹಾಕಿದ್ದು. ಮುಚ್ಕೊಳ್ಳಕ್ಕಲ್ಲ. ಅವತ್ತು ನಾನು ನಿನ್ ಕೈ ಮುಚ್ಕೊ ಅಂದಿದ್ದು ತಪ್ಪಾಯ್ತು" ಅಂದೆ. ಮೆತ್ತಗೆ ಅನ್ನಲು ನನಗೆ ಎಲ್ಲಿ ಬರುತ್ತದೆ, ಮನೆಯೆಲ್ಲ ಕೇಳಿಸಿತು. ಮಾತಾಡುತ್ತಿದ್ದವರು ನಿಲ್ಲಿಸಿ ತಿರುಗಿದರು.

"ಯಾವತ್ತು?" ಅಂದಳು ಅತ್ತಿಗೆ. "ನಂಗ್ಯಾವ್ದೂ ಗ್ಯಾಪ್ಕ ಇಲ್ಲ ಬುಡವ್ವ."

ಹಾಗನ್ನುತ್ತಿದ್ದಂತೆಯೇ, ನಾನು ಆಗತಾನೆ ಗ್ಲೌಸು ಕಳಚಿದ ಅವಳ ಬರಿಗೈ ತಾನಾಗಿಯೇ ಸೆರಗಿನೊಳಕ್ಕೆ ಸರಿಯಿತು.

ಸೆರಗಿನ ತುದಿ ಹಿಡಿದು ಈಚೆಗೆ ಎಳೆದುಕೊಂಡೆ. ಆ ತೋಳನ್ನು ಎತ್ತಿ ನನ್ನ ಕೆನ್ನೆಗೆ, ಕತ್ತಿಗೆ ಒತ್ತಿಕೊಂಡೆ. ಅದೇ ಒರಟು, ಒಂದಿಷ್ಟೂ ಬದಲಾಗಿರಲಿಲ್ಲ. ಆಮೇಲೆ ಬಳೆಗಾರನ ಮುಂದೆ ಚಾಚಿದೆ.

"ಬುಡು ಕೂಸೇ, ಎಲ್ರೂ ನೋಡ್ತಾವ್ರೆ" ಅಂದಳು ಅತ್ತಿಗೆ.

"ನೋಡ್ಲಿ" ಅಂದೆ. ಎರಡನೆಯ ಕೈಗೂ ಬಳೆ ಏರುವವರೆಗೆ ಅವಳ ಸೆರಗು ನನ್ನ ಮುಷ್ಟಿಯಲ್ಲೇ ಇತ್ತು.